ಹುಲಿ ಎಣಿಸುವ ಮುನ್ನ ಜಿಂಕೆ ಎಣಿಸಿ

ಹುಲಿ ಗಣತಿಯ ಅಂಕಿ ಹೊರಬಿದ್ದ ದಿನ ಕರ್ನಾಟಕದ ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿ. ಆ ಹುಲಿಗಳ ಹೊಟ್ಟೆ ತುಂಬಿಸುವ ಜಿಂಕೆ, ಕಡವೆ, ಕಾಟಿಗಳು ನಾಲ್ಕು ವರ್ಷಗಳಲ್ಲಿ ಏರಿದವೋ ಇಳಿದವೋ ಎಂದು ಕೇಳುವವರು ಕಡಿಮೆ. ಒಂದು ಹುಲಿ ವರ್ಷಕ್ಕೆ ಸುಮಾರು 50 ಪ್ರಾಣಿ ಕೊಲ್ಲುತ್ತದೆ. ಹಿಂಡು ಕುಗ್ಗದೆ ಆ ನಷ್ಟ ತಾಳಿಕೊಳ್ಳಬೇಕಾದರೆ ಅದರ ಪಾಲಿಗೆ 500ರಷ್ಟು ಬಲಿಪ್ರಾಣಿಗಳಿರಬೇಕು. ನಾನಿರುವ ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿ ಲೆಕ್ಕ ಶುರುವಾಗುವುದೇ ಮೇಯುವ ಪ್ರಾಣಿಯಿಂದ. ಈ ರೂಢಿ ನಮಗೂ ಬೇಕು, ಒಂದಿಷ್ಟು ತಿದ್ದುಪಡಿಯೊಂದಿಗೆ.

ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದಲ್ಲಿ ತೋಳ ಮತ್ತು ಅವು ಬೇಟೆಯಾಡುವ ಮೂಸ್‌ಗಳ (ಭಾರೀ ಗಾತ್ರದ ಜಿಂಕೆ ಜಾತಿ) ಲೆಕ್ಕ ಇಡಲು ತೊಡಗಿದ್ದು 1958ರಲ್ಲಿ. 1980ರ ದಶಕದ ಆರಂಭದಲ್ಲಿ ನಾಯಿಗಳ ಪಾರ್ವೊ ರೋಗ ಬಡಿದು 50 ತೋಳಗಳು 14ಕ್ಕೆ ಇಳಿದವು. ಮೂಸ್‌ಗಳು ಹೆಚ್ಚುತ್ತಾ ಹೋಗಿ 1995ರಲ್ಲಿ 2,400ರ ಹತ್ತಿರ ಬಂದವು. ಎರಡೇ ವರ್ಷದಲ್ಲಿ ಉಳಿದದ್ದು ಸುಮಾರು 500. ತಿನ್ನಲು ಸಿಗುವ ಚಿಗುರೆಲ್ಲ ಮುಗಿದಿತ್ತು, ಕಠಿಣ ಚಳಿಗಾಲ ಬಂತು, ಮೈತುಂಬ ರಕ್ತ ಹೀರುವ ಉಣ್ಣೆಹುಳು ಹತ್ತಿತ್ತು. ಬೇಟೆಗಾರ ಪ್ರಾಣಿ ಕಡಿಮೆಯಾದರೆ ಮೇಯುವವು ಸುಖವಾಗಿರುತ್ತವೆ ಎಂದುಕೊಳ್ಳುವವರು ಈ ಅಂಕಿಗಳನ್ನು ನೋಡಬೇಕು.

ಮೇವು ಸಾಲದಾದಾಗ ಕುಸಿತಕ್ಕೊಂದು ಕ್ರಮವಿರುತ್ತದೆ. ಮೊದಲು ಮರಿಗಳು ಉಳಿಯುವುದಿಲ್ಲ. ಆಮೇಲೆ ಹೆಣ್ಣುಗಳು ಮೊದಲ ಬಾರಿ ಗಬ್ಬವಾಗುವ ವಯಸ್ಸು ಮುಂದೆ ಹೋಗುತ್ತದೆ. ನಂತರ ಬಲಿತ ಹೆಣ್ಣುಗಳೂ ಕಡಿಮೆ ಈಯುತ್ತವೆ. ದೊಡ್ಡ ಪ್ರಾಣಿಗಳು ಸಾಯುವುದು ಕೊನೆಗೆ. ನಾವು ಹೆಣಗಳನ್ನು ಕಂಡು ಎಚ್ಚೆತ್ತುಕೊಳ್ಳುವ ಹೊತ್ತಿಗೆ ಮೂರು ಹಂತ ದಾಟಿರುತ್ತದೆ. ಸತ್ತ ಪ್ರಾಣಿಯ ತೊಡೆಮೂಳೆ ಒಡೆದು ನೋಡುವುದು ಇಲ್ಲಿನ ಹಳೆಯ ಪದ್ಧತಿ. ಮಜ್ಜೆ ಬೆಳ್ಳಗೆ, ಮೇಣದ ಹಾಗೆ ಗಟ್ಟಿಯಾಗಿದ್ದರೆ ಹಸಿವಿನಿಂದ ಸತ್ತದ್ದಲ್ಲ. ಕೆಂಪು ಲೋಳೆಯಾಗಿದ್ದರೆ ಬೆನ್ನಿನ, ಮೂತ್ರಪಿಂಡದ ಸುತ್ತಲಿನ ಕೊಬ್ಬೆಲ್ಲ ಮೊದಲೇ ಕರಗಿದೆ ಎಂದರ್ಥ. ಮಜ್ಜೆಯ ಕೊಬ್ಬು ಕರಗುವುದು ಎಲ್ಲಕ್ಕಿಂತ ಕೊನೆಗೆ. ಹುಲಿ ಕೊಂದ ಕಡವೆಯಲ್ಲೂ ಇದನ್ನು ನೋಡಬಹುದು. ಖರ್ಚಿಲ್ಲದ ಪರೀಕ್ಷೆ, ನಮ್ಮ ಗಸ್ತಿನವರೂ ಮಾಡಬಹುದಾದದ್ದು.

ಇಲ್ಲಿನ ವಿಸ್ಕಾನ್ಸಿನ್ ರಾಜ್ಯದಲ್ಲಿ, ಜಿಂಕೆಗಳಿಗೆ ಎಷ್ಟು ಕಠಿಣವೆಂದು ಅಳೆಯಲು ಚಳಿಗಾಲಕ್ಕೂ ಅಂಕ ಕೊಡುತ್ತಾರೆ. ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ, ಹಿಮ 18 ಅಂಗುಲ ಮುಟ್ಟಿದ ದಿನಕ್ಕೊಂದು, ಉಷ್ಣಾಂಶ ಮೈನಸ್ 18 ಡಿಗ್ರಿಗೆ ಇಳಿದ ದಿನಕ್ಕೊಂದು. ಮೊತ್ತ 50ರೊಳಗಿದ್ದರೆ ಸೌಮ್ಯ, 80 ಮುಟ್ಟಿದರೆ ತೀವ್ರ. ಬಂಡೀಪುರ, ನಾಗರಹೊಳೆಗಳಿಗೆ ಇಂಥದ್ದೇ ಬೇಸಿಗೆಯ ಅಂಕ ಬೇಕು. ಜನವರಿಯಿಂದ ಮುಂಗಾರಿನವರೆಗೆ, ಸತತ 20 ದಿನ ಮಳೆಯಿಲ್ಲದ ಮೇಲೆ ದಿನಕ್ಕೊಂದು, ಗಸ್ತಿನ ದಾರಿಯ ಕೆರೆ ಬತ್ತಿದ ದಿನಕ್ಕೆ ಇನ್ನೊಂದು ಎಂದು ಶುರು ಮಾಡಬಹುದು.

ಕಣ್ಣುಮುಚ್ಚಿ ನಕಲು ಮಾಡಿದರೆ ಎಡವುತ್ತೇವೆ. ಇಲ್ಲಿ ಅಮೆರಿಕದ ಜಿಂಕೆಗಳು ಹೆಚ್ಚಾಗಿ ಮೇ–ಜೂನ್‌ನಲ್ಲೇ ಈಯುವುದರಿಂದ ಹೆಣ್ಣಿಗೆಷ್ಟು ಮರಿ ಎಂದು ಒಮ್ಮೆ ಎಣಿಸಿದರೆ ಸಾಕು. ನಮ್ಮ ಚುಕ್ಕಿಜಿಂಕೆ ವರ್ಷವಿಡೀ ಮರಿ ಹಾಕುತ್ತದೆ. ಹಾಗಾಗಿ 100 ಹೆಣ್ಣಿಗೆ ಎಷ್ಟು ಮರಿ ಎಂಬ ಅಂಕಿಯನ್ನು ಹೋಲಿಸುವುದಾದರೆ ಪ್ರತಿ ವರ್ಷ ಅದೇ ತಿಂಗಳಲ್ಲಿ ಎಣಿಸಿರಬೇಕು. ಎಣಿಸುವ ಜಾಗವೂ ಮುಖ್ಯ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ದಡದಲ್ಲಿ ಹುಲ್ಲು ಚಿಗುರಿದಾಗ ಸುತ್ತಲ ಕಾಡಿನ ಪ್ರಾಣಿಗಳೆಲ್ಲ ಅಲ್ಲಿ ಸೇರುತ್ತವೆ. ಅಲ್ಲಿ ಎಣಿಸಿ ಸಂತತಿ ಹೆಚ್ಚಿದೆ ಎನ್ನಲಾಗದು. ಪೊದೆ ಸವರಿದ ರಸ್ತೆಬದಿಯೂ ಹಾಗೆಯೇ. ಕಾಡಿನೊಳಗೆ ನೇರ ಗೆರೆ ಹಾಕಿ, ಬೆಳಗಿನ ಹೊತ್ತು ಇಬ್ಬರು ನಡೆದು, ಗುಂಪಿನ ಗಾತ್ರ, ದೂರ, ದಿಕ್ಸೂಚಿಯ ಕೋನ ಬರೆದುಕೊಳ್ಳಬೇಕು. ಒಂದು ಜಾತಿಗೆ 60–80 ಬಾರಿಯಾದರೂ ಗುಂಪು ಕಾಣದಿದ್ದರೆ ಇದರಿಂದ ಕಟ್ಟುವ ಸಂಖ್ಯೆಯ ಅಂದಾಜನ್ನು ನೆಚ್ಚುವುದು ಕಷ್ಟ.

ರೋಗದ ಪಾಲೂ ದೊಡ್ಡದು. 1968ರಲ್ಲಿ ಬಂಡೀಪುರದ ಕಾಟಿಗಳನ್ನು ಕೊಂದದ್ದು ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್). ಪೂರ್ವ ಆಫ್ರಿಕಾದ ಸೆರೆಂಗೆಟಿಯ ಸುತ್ತ ದನಗಳಿಗೆ ಲಸಿಕೆ ಹಾಕಿ ಅದೇ ರೋಗ ನಿಂತ ಮೇಲೆ ಅಲ್ಲಿನ ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳು 1961ರ ಸುಮಾರು 2.5 ಲಕ್ಷದಿಂದ 1977ರ ವೇಳೆಗೆ 13 ಲಕ್ಷದಷ್ಟಾದವು.

ನನಗೆ ಹೆಚ್ಚು ಆತಂಕ ತರುವುದು ಬೋರ್‌ವೆಲ್ ನೀರು ಮತ್ತು ಲಂಟಾನಾ ಎಂಬ ಕಳೆಪೊದೆ. ಸೌರ ಪಂಪಿನಿಂದ ಎಲ್ಲೆಡೆ ಕೆರೆ ತುಂಬಿಸಿದರೆ ಬಾಯಾರಿಕೆಯೇನೋ ನೀಗುತ್ತದೆ, ಸುತ್ತಲ ಹುಲ್ಲಿಗೆ ಮಾತ್ರ ಬಿಡುವೇ ಸಿಗದು. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಕೃತಕ ನೀರಿನತ್ತ ಜೀಬ್ರಾಗಳು ನುಗ್ಗಿ, ಅವುಗಳ ಹಿಂದೆ ಸಿಂಹಗಳು ಬಂದು, ಅಪರೂಪದ ರೋನ್ ಹುಲ್ಲೆ ಕುಸಿಯಿತು. ಅಲ್ಲಿ ಅನೇಕ ಕೊಳವೆಬಾವಿಗಳನ್ನು ಮುಚ್ಚಿದರು. ಲಂಟಾನಾ ಹಬ್ಬಿದ ಕಾಡು ದೂರದಿಂದ ಹಸಿರಾಗಿಯೇ ಕಾಣುತ್ತದೆ, ಅದರಡಿ ಹುಲ್ಲಿರುವುದಿಲ್ಲ. ಬೇರುಸಹಿತ ಕಿತ್ತು, ಮತ್ತೆ ಮೊಳೆತ ಸಸಿಗಳನ್ನು ಮುಂದಿನ ಮಳೆಗಾಲಗಳಲ್ಲೂ ಕೀಳುತ್ತಾ ಹೋದರೆ ಮಾತ್ರ ಹುಲ್ಲು ಮರಳುತ್ತದೆ. ಒಂದೇ ವರ್ಷದ ಅನುದಾನಕ್ಕೆ ಮುಗಿಯುವ ಕೆಲಸವಲ್ಲ ಇದು.