ಸಾಲಿಗೆ ಒಪ್ಪಿದ ಮನೆಗಳು

ಮೊನ್ನೆ ಮೈಸೂರಿನಿಂದ ತಮ್ಮ ಒಂದು ಚಿತ್ರ ಕಳಿಸಿದ. ಅಗ್ರಹಾರದ ನಮ್ಮ ಮನೆಯ ಜಗಲಿ ಒಡೆದು ಕಾರಿಗೆ ಜಾಗ ಮಾಡಿದ್ದಾನೆ. ಮೇಲೆ ಎರಡು ಅಂತಸ್ತು, ಮುಂದೆಲ್ಲ ನೀಲಿ ಗಾಜು. ‘ಹೇಗಿದೆ ಅಣ್ಣ?’ ಎಂದು ಕೇಳಿದ್ದಾನೆ. ನನಗೆ ಸಂಕಟವಾಯಿತು.

ನನ್ನ ಕಚೇರಿ ಲಂಡನ್ನಿನ ಬೆಡ್‌ಫರ್ಡ್ ಚೌಕದ ಹತ್ತಿರ. ಊಟದ ಬಿಡುವಿನಲ್ಲಿ ಆ ಇಟ್ಟಿಗೆಯ ಸಾಲುಮನೆಗಳನ್ನು ನೋಡುತ್ತಾ ಒಂದು ಸುತ್ತು ಹಾಕುತ್ತೇನೆ. 1775ರಿಂದ 1783ರ ನಡುವೆ ಕಟ್ಟಿದವು. ನೆಲ ಬೆಡ್‌ಫರ್ಡ್ ಡ್ಯೂಕ್ ಎಂಬ ಬಿರುದಿನ ಮನೆತನದ್ದು, ಕಟ್ಟಿದವರು ಗುತ್ತಿಗೆ ಹಿಡಿದ ಬೇರೆ ಬೇರೆ ಜನ. ಆದರೂ ಚೌಕದ ಒಂದೊಂದು ಬದಿಯೂ ಒಂದೇ ಅರಮನೆಯಂತೆ ಕಾಣುತ್ತದೆ. ನಡುಭಾಗಕ್ಕೆ ಮಾತ್ರ ಬಿಳಿ ಗಾರೆ, ಉಳಿದದ್ದೆಲ್ಲ ಬರಿಯ ಇಟ್ಟಿಗೆ. ಅಲಂಕಾರವೆಲ್ಲ ಬಾಗಿಲಿಗೆ: ಹುಳು ಕೊರೆದಂಥ ಗೆರೆಗಳ ಕಲ್ಲುಗಳು, ಕಮಾನಿನ ನೆತ್ತಿಯಲ್ಲಿ ಗಡ್ಡದ ಮುಖ. ಅಸಲಿಗೆ ಅದು ಕಲ್ಲಲ್ಲ, ಸುಟ್ಟ ಮಣ್ಣು. ಎಲಿನರ್ ಕೋಡ್ ಎಂಬ ಹೆಣ್ಣುಮಗಳು ಲ್ಯಾಂಬೆತ್‌ನಲ್ಲಿ ನಡೆಸುತ್ತಿದ್ದ ಕಾರ್ಖಾನೆಯಲ್ಲಿ ತಯಾರಾದದ್ದು. ಇಷ್ಟು ವರ್ಷದ ಮಳೆ, ಹೊಗೆ ತಿಂದೂ ಆ ಮುಖದ ಗಡ್ಡದ ಸುರುಳಿ ಸವೆದಿಲ್ಲ.

ಈ ಶಿಸ್ತಿನ ಹಿಂದೆ 1666ರಲ್ಲಿ ಲಂಡನ್ನನ್ನು ಸುಟ್ಟ ಬೆಂಕಿಯ ಭಯವಿದೆ. ಊರು ಸುಟ್ಟ ಮೇಲೆ ಮರದ ಗೋಡೆ ಬೇಡವೆಂದರು. 1774ರ ಕಾಯಿದೆ ಕಿಟಕಿಯ ಚೌಕಟ್ಟನ್ನೂ ಇಟ್ಟಿಗೆಯ ಹಿಂದೆ ಅಡಗಿಸಬೇಕೆಂದಿತು, ನೆರೆಮನೆಯೊಂದಿಗೆ ಹಂಚಿಕೊಂಡ ಗೋಡೆಯ ದಪ್ಪವನ್ನೂ ಗೊತ್ತುಮಾಡಿತು. ಇಂದಿಗೂ ಈ ಚೌಕದ ಮನೆಗಳಲ್ಲಿ ಅನುಮತಿಯಿಲ್ಲದೆ ಒಂದು ಕಿಟಕಿ ಬದಲಿಸುವಂತಿಲ್ಲ.

ನಮ್ಮ ಅಗ್ರಹಾರಕ್ಕೆ ಇಂಥ ಕಾಯಿದೆಯೇ ಬೇಕಿರಲಿಲ್ಲ. ಅಲ್ಲೂ ನಡುವೆ ಒಂದೇ ಗೋಡೆ, ಒಂದೇ ಎತ್ತರದ ಜಗಲಿ, ಬೀದಿಯುದ್ದಕ್ಕೂ ಒಂದೇ ಮಟ್ಟದ ಸೂರು. ‘ನನ್ನ ಜಾಗ, ನನ್ನ ಇಷ್ಟ’ ಎಂಬ ಮಾತಿನಲ್ಲಿ ಒಂದೇ ತಲೆಮಾರಿಗೆ ಅದನ್ನೆಲ್ಲ ಕಳೆದುಕೊಂಡೆವು. ಬೀದಿಗೆ ಕಾಣುವ ಗೋಡೆಯಲ್ಲಿ ಬೀದಿಗೂ ಪಾಲಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗೆಂದು ಈ ಚೌಕದಲ್ಲಿ ಎಲ್ಲವೂ ಚೆಂದವಲ್ಲ. ಈಗ ಇಲ್ಲಿರುವುದು ಬಹುಪಾಲು ಕಚೇರಿಗಳು. ಹಿಂದೆ ನೆಲಮಟ್ಟದ ಕೆಳಗಿನ ಕೋಣೆಗಳಿಂದ ಆಳುಗಳು ಕಲ್ಲಿದ್ದಲು ಹೊತ್ತು ಮೇಲಿನ ಅಂತಸ್ತುಗಳಿಗೆ ಹತ್ತುತ್ತಿದ್ದರು. ನಡುವಿನ ತೋಟಕ್ಕೆ ಇಂದಿಗೂ ಬೀಗ. ದಾರಿಹೋಕ ಒರಗಿ ಕೂರಲು ಗೇಣು ಜಾಗವಿಲ್ಲ, ಎಲ್ಲೆಡೆ ಕಬ್ಬಿಣದ ಸರಳು. ನಮ್ಮ ಜಗಲಿಯಲ್ಲಿ ಬಿಸಿಲಿಗೆ ಬಂದವರಿಗೆ ಮಜ್ಜಿಗೆ ಸಿಗುತ್ತಿತ್ತು, ಆದರೆ ಎಲ್ಲ ಜಾತಿಯವರಿಗೂ ಸಿಗುತ್ತಿರಲಿಲ್ಲ. ಸೋರುವ ಹೆಂಚಿನ ಮಾಡನ್ನು ಒಬ್ಬನೇ ದುರಸ್ತಿ ಮಾಡಿಸಿಕೊಂಡು ಬರುವುದು ಎಷ್ಟು ಕಷ್ಟವೆಂಬುದೂ ದೂರದಲ್ಲಿರುವ ನನಗೆ ಬೇಗ ಮರೆತುಹೋಗುತ್ತದೆ.

ಉಳಿದಿರುವ ಸಾಲುಗಳಲ್ಲಾದರೂ ಸೂರನ್ನೂ ಜಗಲಿಯನ್ನೂ ಮುಟ್ಟಬೇಡಿ ಎಂದು ಪಾಲಿಕೆ ಕಟ್ಟುನಿಟ್ಟಾಗಿ ಹೇಳಲಿ, ಹೆಂಚು ಹೊದಿಸಲು ಹಣವನ್ನೂ ಕೊಡಲಿ. ಒಳಗೆ ಅವರವರಿಗೆ ಬೇಕಾದಂತೆ ಕಟ್ಟಿಕೊಳ್ಳಲಿ.