ಆ ಜೌಗಿನಲ್ಲಿ ಕಾಲುವೆ ಇರಬಾರದಿತ್ತು

ಮೊನ್ನೆ ಭಾನುವಾರ ಸ್ಟಾಕ್‌ಹೋಂ ಹೊರಗಿನ ಕಾಡಿನಲ್ಲಿ 18 ನಿಮಿಷ ದಾರಿ ತಪ್ಪಿ ಅಲೆದೆ. ಮೂರು ದಿನ ಆಯ್ತು, ಇನ್ನೂ ಅದೇ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓಡುವುದು ಓರಿಯೆಂಟಿಯರಿಂಗ್. ಊರಿನ ಗೆಳೆಯರಿಗೆ ಇದು ಹೊಸದಿರಬಹುದು. ಕೈಯಲ್ಲಿ ಕಾಗದದ ನಕ್ಷೆ, ಹೆಬ್ಬೆರಳಿಗೆ ಸಿಕ್ಕಿಸಿಕೊಂಡ ದಿಕ್ಸೂಚಿ, ಅಷ್ಟೇ. ಕಾಡಿನ ಒಳಗೆ ಅಲ್ಲಲ್ಲಿ ಕಿತ್ತಳೆ-ಬಿಳಿ ಬಟ್ಟೆ ತೂಗುಹಾಕಿರುತ್ತಾರೆ. ಅದಕ್ಕೆ ಕಂಟ್ರೋಲ್ ಅಂತಾರೆ. ಒಂದೊಂದಕ್ಕೂ ಒಂದು ನಂಬರ್. ಹೇಳಿದ ಕ್ರಮದಲ್ಲೇ ಹುಡುಕಿ, ಬೆರಳಿನ ಚಿಪ್ ಮುಟ್ಟಿಸಿ ಮುಂದೆ ಓಡಬೇಕು. ಯಾವ ದಾರಿಯಲ್ಲಿ ಹೋಗುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು. ಫೋನ್ ನೋಡುವಂತಿಲ್ಲ. ಮೇಜರ್ ಅರ್ನ್ಸ್ಟ್ ಕಿಲ್ಲಾಂಡರ್ ಅನ್ನುವವರು 1919ರಲ್ಲಿ ಇದೇ ಸ್ಟಾಕ್‌ಹೋಂ ಪಕ್ಕದ ಕಾಡಿನಲ್ಲಿ ದೊಡ್ಡ ಓಟ ಮಾಡಿಸಿದರು. ಅಲ್ಲಿಂದ ಇದು ಇಲ್ಲಿಯ ಮನೆಮನೆಯ ಆಟ ಆಗಿಹೋಯ್ತು. ಮಕ್ಕಳೂ ಓಡುತ್ತಾರೆ, ಎಂಬತ್ತು ದಾಟಿದವರೂ ಓಡುತ್ತಾರೆ.

ನಮ್ಮದು ಲಾಂಗ್, ಅಂದರೆ ದೂರದ ಓಟ. ನಕ್ಷೆ 1:15,000, ಅಂದರೆ ಒಂದು ಸೆಂಟಿಮೀಟರ್‌ಗೆ ನೆಲದ ಮೇಲೆ 150 ಮೀಟರ್. ಕಂದು ಬಣ್ಣದ ಗೆರೆಗಳು ನೆಲದ ಏರಿಳಿತ ತೋರಿಸುತ್ತವೆ. ಒಂದು ಗೆರೆಯಿಂದ ಇನ್ನೊಂದಕ್ಕೆ 5 ಮೀಟರ್ ಎತ್ತರ. ನಕ್ಷೆಯಲ್ಲಿ ಬಿಳಿ ಇದ್ದರೆ ಆರಾಮಾಗಿ ಓಡಬಹುದಾದ ಕಾಡು. ಹಸಿರು ಗಾಢ ಆದಷ್ಟೂ ನುಗ್ಗುವುದು ಕಷ್ಟ. ಮೊದಲ ಹದಿಮೂರು ಕಂಟ್ರೋಲ್ ಚೆನ್ನಾಗಿಯೇ ಹೋಯ್ತು.

ಹದಿನಾಲ್ಕನೆಯದಕ್ಕೆ ಸುಮಾರು ಎರಡು ಕಿಲೋಮೀಟರ್, ಪಶ್ಚಿಮಕ್ಕೆ. ಮೊದಲು ಕರೆಂಟ್ ಲೈನ್ ದಾಟಬೇಕು. ಆಮೇಲೆ ಉತ್ತರ-ದಕ್ಷಿಣವಾಗಿ ಉದ್ದಕ್ಕೆ ಮಲಗಿದ ಒಂದು ಜೌಗು. ಅದರಾಚೆ ಒಂದು ಗುಡ್ಡ. ಗುಡ್ಡದ ಪಶ್ಚಿಮದ ಬುಡದಲ್ಲಿ ಒಂದು ಬಂಡೆ, ಆ ಬಂಡೆಯ ಪಕ್ಕ ಕಂಟ್ರೋಲ್. ನಂಬರ್ 57.

ಲೈನ್ ದಾಟಿದ ಮೇಲೆ ಗಾಳಿಗೆ ಬಿದ್ದ ಮರಗಳು. ಒಂದನ್ನು ಎಡಕ್ಕೆ ಬಳಸಿದೆ, ಇನ್ನೊಂದನ್ನೂ ಎಡಕ್ಕೇ ಬಳಸಿದೆ. ಪ್ರತಿ ಸಲವೂ ನಾಲ್ಕಾರು ಹೆಜ್ಜೆ, ಹಾಗಾಗಿ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಆಮೇಲೆ ಜೌಗು ಸಿಕ್ಕಿತು. ಖುಷಿಯಾಯ್ತು. ಪಾಚಿಯ ಮೇಲೆ ಕಾಲಿಟ್ಟರೆ ಮೊಣಕಾಲಿನವರೆಗೆ ತಣ್ಣನೆ ನೀರು. ಅರ್ಧ ದಾಟಿದಾಗ ಎದುರಿಗೆ ಒಂದು ಕಾಲುವೆ. ನಮ್ಮ ಅಡಿಕೆ ತೋಟದ ಬಸಿಗಾಲುವೆಯ ಹಾಗೆ ನೇರವಾಗಿ ತೋಡಿದ್ದು, ಒಳಗೆ ಚಹಾದ ಬಣ್ಣದ ನೀರು.

ನಕ್ಷೆಯಲ್ಲಿ ಆ ಜೌಗಿನೊಳಗೆ ಕಾಲುವೆ ಇರಲಿಲ್ಲ.

ನಾನು ಅದನ್ನು ನೋಡಿದೆ. ನಕ್ಷೆಯನ್ನೂ ನೋಡಿದೆ. "ಈಚೆಗೆ ತೋಡಿರಬೇಕು, ನಕ್ಷೆ ಹಳೇದು" ಅಂದುಕೊಂಡು ಹಾರಿದೆ. ಜೌಗು ಉತ್ತರ-ದಕ್ಷಿಣವಾಗಿ ಇರುವ ಬದಲು ಸ್ವಲ್ಪ ಓರೆಯಾಗಿ ಕಂಡಿತು. "ಓಡುವಾಗ ದಿಕ್ಸೂಚಿಯ ಮುಳ್ಳು ಅಲ್ಲಾಡ್ತಿದೆ" ಅಂದುಕೊಂಡೆ. ಗುಡ್ಡ ಸಿಕ್ಕಿತು. ನಕ್ಷೆಯಲ್ಲಿದ್ದದ್ದಕ್ಕಿಂತ ಚಿಕ್ಕದು. ಅದಕ್ಕೂ ಏನೋ ಒಂದು ಸಮಾಧಾನ ಹೇಳಿಕೊಂಡೆ. ಬುಡದಲ್ಲಿ ಬಂಡೆ ಇತ್ತು, ಕಿತ್ತಳೆ-ಬಿಳಿ ಬಟ್ಟೆಯೂ ಇತ್ತು. ನಂಬರ್ ಮಾತ್ರ 83. ಬೇರೆ ವಿಭಾಗದವರ ಕಂಟ್ರೋಲ್.

ಇದಕ್ಕೆ ಪ್ಯಾರಲಲ್ ಎರರ್ ಅನ್ನುತ್ತಾರೆ. ಒಂದರ ಪಕ್ಕ ಒಂದು, ನೋಡಲು ಒಂದೇ ಥರ ಇರುವ ಎರಡು ಜಾಗ. ಇದರಲ್ಲಿ ನಿಂತು ಅದರಲ್ಲಿ ಇದ್ದೇನೆ ಅಂದುಕೊಳ್ಳುವುದು. ನಾನು 200 ಮೀಟರ್ ದಕ್ಷಿಣದಲ್ಲಿದ್ದೆ. ಕಾಲುವೆ ಇರುವ ಓರೆ ಜೌಗು, ಚಿಕ್ಕ ಗುಡ್ಡ, ಎಲ್ಲಾ ನಕ್ಷೆಯಲ್ಲಿ ಇದ್ದದ್ದು ಇದ್ದ ಹಾಗೇ ಇತ್ತು. ನನ್ನ ಬೆರಳು ಅದರ ಮೇಲೆ ಇರಲಿಲ್ಲ, ಅಷ್ಟೇ.

ಸ್ವೀಡನ್ನಿನವರು ಹೀಗೆ ತಪ್ಪುವುದಕ್ಕೆ ಬೊಮ್ಮಾ ಅಂತಾರೆ. ಓಟ ಮುಗಿದ ಮೇಲೆ ಎಲ್ಲರೂ ನಕ್ಷೆ ಹರಡಿಕೊಂಡು ಎಷ್ಟು ನಿಮಿಷ, ಎಲ್ಲಿ ಬೊಮ್ಮಾ ಮಾಡಿದೆ ಅಂತ ಮಾತಾಡುತ್ತಾರೆ. ಅಲ್ಲಿ ಸುಮಾರು ಜನ ಕಂಟ್ರೋಲ್ ಹತ್ತಿರ ಏನಾಯ್ತು ಅಂತ ಹೇಳುತ್ತಾರೆ. ಬಂಡೆ ಪೊದೆಯ ಹಿಂದೆ ಇತ್ತು, ಬಟ್ಟೆ ಕಾಣಲಿಲ್ಲ, ಹೀಗೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಬಹಳ ಸಲ ತಪ್ಪು ಅಲ್ಲಿ ಆಗಿರುವುದೇ ಇಲ್ಲ. ಅದಕ್ಕೂ ಐದು ನಿಮಿಷ ಮುಂಚೆ ಒಂದು ಅನುಮಾನ ಬಂದಿರುತ್ತದೆ, ನಾವು ಅದರ ಬಾಯಿ ಮುಚ್ಚಿಸಿರುತ್ತೇವೆ. ದಿಕ್ಕು 200 ಮೀಟರ್ ತಪ್ಪಿದ್ದು ದೊಡ್ಡ ವಿಷಯವೇ ಅಲ್ಲ. ಕಾಲುವೆ ಕಂಡ ಕೂಡಲೇ ನಿಂತಿದ್ದರೆ ಅರ್ಧ ನಿಮಿಷದಲ್ಲಿ ಸರಿಹೋಗುತ್ತಿತ್ತು. ನಾನು ಮಾಡಿದ ತಪ್ಪು ಕಣ್ಣಿಗೆ ಕಂಡ ನೆಲವನ್ನು ಎಳೆದಾಡಿ, ನಾನು ಬಯಸಿದ ಜಾಗಕ್ಕೆ ಹೊಂದಿಸಿದ್ದು. ಅದೂ ಒಂದೂವರೆ ಗಂಟೆ ಓಡಿ ಸುಸ್ತಾದ ತಲೆಗೆ ಈ ಕೆಲಸ ತುಂಬಾ ಸಲೀಸು.

83 ನೋಡಿದ ಮೇಲೂ ನಿಲ್ಲಲಿಲ್ಲ. ಇಲ್ಲೇ ಎಲ್ಲೋ ಇರಬೇಕು ಅಂತ ಗುಡ್ಡ ಸುತ್ತಿದೆ. ಬಲದಿಂದ ಒಬ್ಬ ಹುಡುಗ ಜೋರಾಗಿ ಓಡಿ ಬಂದ. ಅವನಿಗೆ ಗೊತ್ತಿರಬೇಕು ಅಂತ ಸುಮ್ನೆ ಹಿಂದೆ ಹೋದೆ. ಅವನು ಹುಡುಕುತ್ತಿದ್ದದ್ದು ಬೇರೆ ಕಂಟ್ರೋಲ್. ಈಗಂತೂ ನಾನು ಎಲ್ಲಿದ್ದೇನೆ ಅನ್ನುವುದೇ ಗೊತ್ತಿಲ್ಲ.

ಆಗ ಅಜ್ಜಿ ನೆನಪಾದರು. ಮಲೆನಾಡಿನಲ್ಲಿ ದನ ಹುಡುಕಲು ಹೋದವರು ಕತ್ತಲಾದರೂ ಬರದಿದ್ದರೆ "ಯಾವುದೋ ಬಳ್ಳಿ ದಾಟಿರಬೇಕು" ಅನ್ನುತ್ತಿದ್ದರು. ಆ ಬಳ್ಳಿ ದಾಟಿದವನಿಗೆ ಗೊತ್ತಿರುವ ಕಾಡೂ ಗುರುತು ಸಿಗುವುದಿಲ್ಲವಂತೆ. ಅದಕ್ಕೆ ಅವರ ಮದ್ದು ಒಂದೇ: "ಅಲ್ಲೇ ಕೂತ್ಕೋ ಮಗಾ. ಒಂದು ಎಲೆ ಅಡಿಕೆ ಹಾಕು. ಆಮೇಲೆ ಎದ್ದು ನೋಡು." ಬಳ್ಳಿಯ ಮಾತು ನನಗೆ ಗೊತ್ತಿಲ್ಲ. ಕೂರುವ ಮಾತು ನೂರಕ್ಕೆ ನೂರು ನಿಜ.

ಬ್ಲೂಬೆರಿ ಗಿಡಗಳ ನಡುವೆ ಕೂತೆ. ಎದೆ ಬಡಿತ ಇಳಿಯಿತು. ಖಂಡಿತವಾಗಿ ಗೊತ್ತಿದ್ದ ಕೊನೆಯ ಜಾಗ ಯಾವುದು ಅಂತ ಕೇಳಿಕೊಂಡೆ. ಕರೆಂಟ್ ಲೈನ್. ನಕ್ಷೆಯನ್ನು ಉತ್ತರಕ್ಕೆ ತಿರುಗಿಸಿ, ಪೂರ್ವಕ್ಕೆ ನಡೆದು ಲೈನ್ ತಲುಪಿದೆ. ಅಲ್ಲೊಂದು ಕಂಬ, ಪಕ್ಕದಲ್ಲಿ ಗಾಡಿ ದಾರಿಯ ತಿರುವು, ಎರಡೂ ನಕ್ಷೆಯಲ್ಲಿ ಇದ್ದವು. ಅಲ್ಲಿಂದ ಹೊರಟು 57 ಮುಟ್ಟುವುದಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಈ ಸಲ ಸಿಕ್ಕ ಜೌಗಿನಲ್ಲಿ ಕಾಲುವೆ ಇರಲಿಲ್ಲ.

ಫೋನ್ ಇದ್ದಿದ್ದರೆ ನೀಲಿ ಚುಕ್ಕೆ ನೋಡಿ ಮುಗೀತಿತ್ತಲ್ಲಾ ಅಂತ ತಮ್ಮ ಕೇಳಿದ. ಹೌದು, ಮುಗಿಯುತ್ತಿತ್ತು. ಆದರೆ ನಮ್ಮ ಹುಡುಗರು ಕುಮಾರ ಪರ್ವತಕ್ಕೆ, ಕುದುರೆಮುಖಕ್ಕೆ ಆ ಚುಕ್ಕೆ ಒಂದನ್ನೇ ನಂಬಿ ಹೋಗುವುದು ನನಗೆ ಭಯ. ಮಂಜು ಕವಿದು, ಬ್ಯಾಟರಿ ಮುಗಿದ ಮೇಲೆ ಉಳಿಯುವುದು ಕಣ್ಣು ಮತ್ತು ನೆಲ. ನಮ್ಮ ಶಾಲೆಗಳಲ್ಲಿ ಕಾಗದದ ನಕ್ಷೆ ಹಿಡಿಸಿ ಮಕ್ಕಳನ್ನು ಊರ ಗುಡ್ಡ ಹತ್ತಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಮುಂದೆ ಏನು ಸಿಗಬೇಕು ಅಂತ ಮೊದಲೇ ಬಾಯಿಬಿಟ್ಟು ಹೇಳಿ ನಡೆಯುವುದನ್ನು ಅವರಿಗೆ ಕಲಿಸಬೇಕು. ಹಳ್ಳ ಸಿಗಬೇಕು, ಎಡಕ್ಕೆ ಹರಿಯಬೇಕು, ಆಚೆ ಏರು ಇರಬೇಕು. ಸಿಗಲಿಲ್ಲವಾ, ನಿಲ್ಲು.

ಘಟ್ಟದಲ್ಲಿ ದಾರಿ ತಪ್ಪಿದವರು ಇಲ್ಲಿ ಸುಮಾರು ಜನ ಇದ್ದೀರಿ, ಅಲ್ವಾ? ತಪ್ಪಿದ್ದು ಎಲ್ಲಿ ಅಂತ ಬೇಡ. ಮೊದಲ ಅನುಮಾನ ಎಲ್ಲಿ ಬಂತು, ಆಗ ನಿಮಗೆ ನೀವೇ ಏನು ಹೇಳಿಕೊಂಡಿರಿ, ಅದನ್ನು ಕೆಳಗೆ ಬರೆಯಿರಿ.