ಕಕ್ಕೆ ಬೇರಲ್ಲಿ ಗಂಟೇ ಇರಲಿಲ್ಲ

ಒಂದು ವರ್ಷ ಕಕ್ಕೆ ಗಿಡಕ್ಕೆ ನಾನು ಗೊಬ್ಬರ ಹಾಕಲಿಲ್ಲ. ಮರೆತು ಅಲ್ಲ, ಬೇಕಂತಲೇ. ಸಸಿ ಕೊಟ್ಟವರು ಹೇಳಿದ್ದರು: "ಇದು ದ್ವಿದಳ ಜಾತಿ ಮೇಡಂ, ಗಾಳಿಯಿಂದಲೇ ಗೊಬ್ಬರ ಮಾಡಿಕೊಳ್ಳುತ್ತೆ." ದ್ವಿದಳ ಅಂದರೆ ತೊಗರಿ, ಬಟಾಣಿಗಳ ಬಳಗ. ಕೇಳೋದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ನಂಬಿದೆ. ನಂಬಿದ್ದು ಸಾಲದು ಅಂತ ಇನ್ನೂ ನಾಲ್ಕು ಜನಕ್ಕೆ ಅದನ್ನೇ ಹೇಳಿಕೊಂಡು ಬಂದೆ. ಅಷ್ಟರಲ್ಲಿ ಗಿಡದ ಹಳೆ ಎಲೆಗಳು ಒಂದೊಂದಾಗಿ ಹಳದಿಯಾದವು. ಇದ್ದಷ್ಟು ಎತ್ತರದಲ್ಲೇ ಗಿಡ ಕೂತುಬಿಟ್ಟಿತು. ಪಕ್ಕದ ಕುಂಡದ ಹೊಂಗೆ ಸಸಿ ಮಾತ್ರ, ಅದೇ ಮಣ್ಣು, ಅದೇ ನೀರು, ಕಡುಹಸಿರಾಗಿ ಮೇಲೇಳುತ್ತಿತ್ತು.

ಕೊನೆಗೆ ಎರಡನ್ನೂ ಕುಂಡದಿಂದ ಬಿಡಿಸಿ, ಬಕೆಟ್ ನೀರಲ್ಲಿ ಅದ್ದಿ ಬೇರಿನ ಮಣ್ಣು ತೊಳೆದೆ. ಹೊಂಗೆ ಬೇರಿನ ತುಂಬ ಗಂಟುಗಳು. ಕೆಲವು ಸಾಸಿವೆಯಷ್ಟು, ಕೆಲವು ಮೆಣಸಿನ ಕಾಳಿನಷ್ಟು. ಒಂದನ್ನು ಕಿತ್ತು ಉಗುರಿನಿಂದ ಸೀಳಿದೆ. ಒಳಗೆ ನಸುಗೆಂಪು, ಹೆಚ್ಚುಕಡಿಮೆ ನಮ್ಮ ಒಸಡಿನ ಬಣ್ಣ. ಆಮೇಲೆ ಕಕ್ಕೆ ಬೇರು ಕೈಗೆತ್ತಿಕೊಂಡೆ. ಹುಡುಕಿದೆ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಹುಡುಕಿದೆ. ಒಂದೇ ಒಂದು ಗಂಟಿಲ್ಲ.

ಆ ನಸುಗೆಂಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಅದರ ಪರಮಾಣುಗಳು ಜೋಡಿ ಜೋಡಿಯಾಗಿ ಎಷ್ಟು ಬಿಗಿಯಾಗಿ ಅಂಟಿಕೊಂಡಿರುತ್ತವೆ ಅಂದರೆ, ಯಾವ ಗಿಡದ ಕೈಯಲ್ಲೂ ಬಿಡಿಸೋಕೆ ಆಗೋದಿಲ್ಲ. ಬಿಡಿಸುವ ಕಿಣ್ವ ಇರೋದು ಕೆಲವು ಬ್ಯಾಕ್ಟೀರಿಯಾಗಳ ಹತ್ತಿರ. ರೈಜೋಬಿಯಂ ಬಳಗ ಅಂಥದ್ದು. ಬೇರು ಮಣ್ಣಿಗೆ ಒಂದಿಷ್ಟು ರಾಸಾಯನಿಕ ಬಿಟ್ಟು ಇವನ್ನು ಕರೆಯುತ್ತದೆ. ಬ್ಯಾಕ್ಟೀರಿಯಾ ತನ್ನದೊಂದು ಸಂಕೇತ ಕಳಿಸುತ್ತದೆ. ಅದು ಒಪ್ಪಿಗೆಯಾದರೆ ಬೇರುಕೂದಲು ಸುರುಳಿ ಸುತ್ತಿಕೊಂಡು ಒಳಗೆ ದಾರಿ ಕೊಡುತ್ತದೆ. ಆಮೇಲೆ ಗಂಟು ಕಟ್ಟುತ್ತದೆ. ಗಿಡ ಸಕ್ಕರೆ ಕೊಡಬೇಕು, ಬ್ಯಾಕ್ಟೀರಿಯಾ ಸಾರಜನಕ ಕೊಡಬೇಕು. ಇಷ್ಟೇ ವ್ಯವಹಾರ.

ತೊಡಕು ಎಲ್ಲಿ ಅಂದರೆ, ಆ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಕೆಟ್ಟುಹೋಗುತ್ತದೆ. ಬ್ಯಾಕ್ಟೀರಿಯಾಕ್ಕೋ, ಉಸಿರಾಡಲು ಆಮ್ಲಜನಕವೇ ಬೇಕು. ಅದಕ್ಕೆ ಗಿಡ ಗಂಟಿನೊಳಗೆ ಒಂದು ಕೆಂಪು ಪ್ರೋಟೀನ್ ತಯಾರಿಸಿ ಆಮ್ಲಜನಕವನ್ನು ಅಳೆದು ಅಳೆದು ಬಿಡುತ್ತದೆ. ಹೆಸರು ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದೂರದ ನೆಂಟ. ಗಂಟು ಸೀಳಿದಾಗ ಕೆಂಪು ಕಂಡರೆ ಒಳಗೆ ಕೆಲಸ ನಡೀತಿದೆ ಅಂತ ಲೆಕ್ಕ. ಬೆಳ್ಳಗಿದ್ದರೆ ಇನ್ನೂ ಶುರುವಾಗಿಲ್ಲ, ಇಲ್ಲವೇ ಒಳಗೆ ಸೇರಿಕೊಂಡವರು ಸೋಮಾರಿಗಳು. ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಗಂಟಿನ ಕಾಲ ಮುಗಿಯಿತು.

ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ 1886ರಲ್ಲಿ ಈ ಗಂಟುಗಳ ಗುಟ್ಟನ್ನು ಹೊರಗೆ ಹೇಳಿದರು. ಎರಡು ವರ್ಷಕ್ಕೆ ಡಚ್ ವಿಜ್ಞಾನಿ ಬೈಯೆರಿಂಕ್ ಬ್ಯಾಕ್ಟೀರಿಯಾವನ್ನೇ ಬೇರ್ಪಡಿಸಿ ಬೆಳೆಸಿದ. ಅವರು ನೋಡಿದ್ದು ಹೆಚ್ಚಾಗಿ ಬಟಾಣಿಯಂಥ ಸಣ್ಣ ಗಿಡಗಳನ್ನು. ನಾವು ಆ ಮಾತನ್ನು ಎತ್ತಿ ಇಡೀ ದ್ವಿದಳ ಬಳಗಕ್ಕೆ ಅಂಟಿಸಿಬಿಟ್ಟೆವು. ತೊಗರಿಯಂಥ ಕಾಯಿ ಬಿಟ್ಟ ಮರ ಎಲ್ಲಾ ಗೊಬ್ಬರದ ಕಾರ್ಖಾನೆ ಅಂತ.

ಹಾಗಿಲ್ಲ ಸ್ವಾಮಿ. ಹುಣಸೆಗೆ ಗಂಟಿಲ್ಲ. ಗುಲ್‌ಮೊಹರ್‌ಗಿಲ್ಲ. ಬಸವನಪಾದಕ್ಕಿಲ್ಲ, ಸೀತೆ ಅಶೋಕಕ್ಕಿಲ್ಲ, ತಂಗಡಿಗಿಲ್ಲ, ಕಕ್ಕೆಗಂತೂ ಇಲ್ಲವೇ ಇಲ್ಲ. ಹೊಂಗೆ, ಬೀಟೆ, ಹೊನ್ನೆ, ಹಾಲವಾಣ, ಅಗಸೆ ಮರ, ಜಾಲಿ, ಗ್ಲಿರಿಸಿಡಿಯಾ, ಮಳೆ ಮರ, ಇವಕ್ಕೆ ಇದೆ. ಇರುವವೂ ಯಾವಾಗಲೂ ದುಡಿಯೋದಿಲ್ಲ. ಒಂದು ಸಾರಜನಕದ ಜೋಡಿ ಬಿಡಿಸೋಕೆ ಕಡಿಮೆ ಅಂದರೂ 16 ಎಟಿಪಿ (ಜೀವಕೋಶದೊಳಗಿನ ಶಕ್ತಿಯ ಚಿಲ್ಲರೆ ನಾಣ್ಯ) ಖರ್ಚು, ಅಂದರೆ ಗಿಡಕ್ಕೆ ಸಾಕಷ್ಟು ಸಕ್ಕರೆ ಕೈಬಿಡುತ್ತದೆ. ಮಣ್ಣಲ್ಲೇ ಸಾರಜನಕ ಜಾಸ್ತಿ ಇದ್ದರೆ ಗಿಡ ಬ್ಯಾಕ್ಟೀರಿಯಾವನ್ನು ಹತ್ತಿರ ಸೇರಿಸೋದೇ ಕಡಿಮೆ. ಅಗ್ಗದಲ್ಲಿ ಸಿಗೋದನ್ನು ಬಿಟ್ಟು ದುಬಾರಿ ಯಾಕೆ ಕೊಳ್ಳಲಿ?

ಬಳಗ ದೊಡ್ಡದು, ಅದಕ್ಕೇ ಈ ಗೊಂದಲ. ಸುಮಾರು 19,500 ಜಾತಿಗಳಿವೆ. ಹೂ ಬಿಡುವ ಗಿಡಗಳಲ್ಲಿ ಇದಕ್ಕಿಂತ ದೊಡ್ಡ ಕುಟುಂಬ ಎರಡೇ, ಆರ್ಕಿಡ್‌ಗಳದ್ದು ಮತ್ತು ಸೂರ್ಯಕಾಂತಿಯದ್ದು. ಚಳಿ ದೇಶಗಳಲ್ಲಿ ಇವು ಹೆಚ್ಚಾಗಿ ಹುಲ್ಲಿನ ನಡುವಿನ ಪುಟ್ಟ ಗಿಡಗಳು, ಬಳ್ಳಿಗಳು. ಉಷ್ಣವಲಯಕ್ಕೆ ಬಂದರೆ ಪೊದೆ ಆಗುತ್ತವೆ, ಮರ ಆಗುತ್ತವೆ. ಬೋರ್ನಿಯೋ ಕಾಡಿನ ತುವಾಲಾಂಗ್ ಮರ 80 ಮೀಟರ್ ದಾಟುತ್ತದೆ, ಅದೂ ತೊಗರಿಯ ನೆಂಟನೇ. ಹೂ ನೋಡಿದರೆ ಒಂದೇ ಮನೆಯವು ಅನ್ನಿಸೋದಿಲ್ಲ. ಹೊಂಗೆಯದು ಚಿಟ್ಟೆಯ ಹಾಗೆ, ಒಂದು ದೊಡ್ಡ ಎಸಳು, ಎರಡು ರೆಕ್ಕೆ, ಕೆಳಗೊಂದು ದೋಣಿ. ಜಾಲಿಯದು ಬರೀ ಕೇಸರಗಳ ಉಂಡೆ. ಗುಲ್‌ಮೊಹರ್ ಹೂವಲ್ಲಿ ನಾಲ್ಕು ಎಸಳು ಕೆಂಪು, ಐದನೆಯದಕ್ಕೆ ಮಾತ್ರ ಬಿಳಿ-ಹಳದಿ ಮಚ್ಚೆ. ಒಂದಾಗಿ ಹಿಡಿದಿಟ್ಟಿರೋದು ಕಾಯಿ ಒಂದೇ. 2017ರಲ್ಲಿ ವಿಜ್ಞಾನಿಗಳು ಮೂರು ಉಪಕುಟುಂಬ ಇದ್ದದ್ದನ್ನು ಆರು ಮಾಡಿದರು.

ಹೆಸರಿನ ಜಗಳ ಬೇರೆ ಇದೆ. ಜಾಲಿಯನ್ನು ನೋಡಿಯೇ 'ಅಕೇಶಿಯಾ' ಅಂತ ಹೆಸರಿಟ್ಟದ್ದು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯವಿಜ್ಞಾನಿಗಳು ಆ ಹೆಸರನ್ನು ಆಸ್ಟ್ರೇಲಿಯಾದ ಮರಗಳಿಗೆ ಕೊಟ್ಟರು. 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದನ್ನೇ ಖಾಯಂ ಮಾಡಿದರು. ಜಾಲಿ ಈಗ 'ವೆಚೆಲಿಯಾ'. ಆಸ್ಟ್ರೇಲಿಯಾದಲ್ಲಿ ಸಾವಿರದಷ್ಟು ಜಾತಿ ಇವೆ, ಅಷ್ಟಕ್ಕೂ ಹೆಸರು ಬದಲಿಸೋದು ಕಷ್ಟ ಅನ್ನೋದು ಅವರ ವಾದ. ಇರಬಹುದು. ಆದರೂ ಮನೆ ಕಟ್ಟಿದವನನ್ನೇ ಆಚೆ ಕಳಿಸಿದ ಹಾಗಾಯಿತು ಅಂತ ನನಗನ್ನಿಸುತ್ತೆ.

ಈಗ ನನ್ನ ತಕರಾರಿಗೆ ಬರ್ತೀನಿ. ಈ ಬಳಗದ ಮರಗಳು ಒಂಟಿಯಾಗಿ ಬದುಕೋದಿಲ್ಲ. ಯಾರ ಜೊತೆಗಾದರೂ ಕೊಡು-ಕೊಳ್ಳು ಇದ್ದೇ ಇರುತ್ತದೆ. ಬ್ಯಾಕ್ಟೀರಿಯಾ ಜೊತೆ ಮಾತ್ರ ಅಲ್ಲ, ಇರುವೆ ಜೊತೆ, ಆಡಿನ ಜೊತೆ, ಆನೆ ಜೊತೆ. ನಾವು ಮಾಡೋದೇನು? ಮರವನ್ನಷ್ಟೇ ಎತ್ತಿಕೊಂಡು ಬರ್ತೀವಿ. ಜೊತೆಗಾರರನ್ನು ಅಲ್ಲೇ ಬಿಟ್ಟು ಬರ್ತೀವಿ. ಆಮೇಲೆ ಮರ ಹೇಳಿದ ಹಾಗೆ ಕೇಳಲಿಲ್ಲ ಅಂತ ಬೈತೀವಿ.

ಪೂರ್ವ ಆಫ್ರಿಕಾದ ಹುಲ್ಲುಗಾವಲಲ್ಲಿ ಶಿಳ್ಳೆ ಜಾಲಿ ಅನ್ನಬಹುದಾದ ಒಂದು ಮರವಿದೆ. ಅದರ ಮುಳ್ಳಿನ ಬುಡ ಉಬ್ಬಿ ಟೊಳ್ಳಾಗಿರುತ್ತದೆ. ಇರುವೆಗಳು ಅದಕ್ಕೆ ತೂತು ಕೊರೆದು ಒಳಗೆ ಸಂಸಾರ ಹೂಡುತ್ತವೆ. ಗಾಳಿ ಬೀಸಿದರೆ ಆ ತೂತುಗಳಿಂದ ಶಿಳ್ಳೆ ಬರುತ್ತದೆ. ಮರ ಇರುವೆಗೆ ಮನೆ ಕೊಡುತ್ತದೆ, ಎಲೆಯ ಬುಡದಲ್ಲಿ ಮಕರಂದವನ್ನೂ ಕೊಡುತ್ತದೆ. ಜಿರಾಫೆಯೋ ಆನೆಯೋ ಬಾಯಿ ಹಾಕಿದರೆ ಇರುವೆ ದಂಡು ಮೂತಿಗೆ ಕಚ್ಚುತ್ತದೆ. ಕೆನ್ಯಾದಲ್ಲಿ ಸಂಶೋಧಕರು ಕೆಲವು ಮರಗಳ ಸುತ್ತ ವಿದ್ಯುತ್ ಬೇಲಿ ಹಾಕಿ ಹತ್ತು ವರ್ಷ ದೊಡ್ಡ ಪ್ರಾಣಿಗಳನ್ನು ಆಚೆ ಇಟ್ಟರು. ಯಾರೂ ತಿನ್ನೋದಿಲ್ಲ ಅಂದಮೇಲೆ ಮರ ಕೊಬ್ಬಬೇಕು ತಾನೇ? 2008ರಲ್ಲಿ ಬಂದ ಫಲಿತಾಂಶ ತಿರುಗುಮುರುಗು. ಕಾವಲು ಬೇಡವಾದ್ದರಿಂದ ಮರ ಮಕರಂದ ಕಡಿಮೆ ಮಾಡಿತು, ಉಬ್ಬುಮುಳ್ಳೂ ಕಡಿಮೆ ಮಾಡಿತು. ಒಳ್ಳೆ ಕಾವಲಿನ ಇರುವೆ ಸೊರಗಿತು. ಇನ್ನೊಂದು ಜಾತಿ ಇರುವೆ ಬಂದು ಕೂತಿತು. ಅದಕ್ಕೆ ಕಾಂಡ ಕೊರೆಯುವ ಹುಳ ಮಾಡಿದ ಬಿಲಗಳೇ ಮನೆ, ಹಾಗಾಗಿ ಹುಳ ಬಂದರೆ ಅದಕ್ಕೆ ಲಾಭವೇ. ಮರಗಳು ಸರಿಯಾಗಿ ಬೆಳೆಯಲಿಲ್ಲ, ಸಾಯೋದೂ ಜಾಸ್ತಿಯಾಯಿತು. ಆನೆ ಬರೋದು ನಿಂತದ್ದಕ್ಕೆ ಮರ ಸತ್ತಿತು ಅಂದರೆ ಯಾರು ನಂಬ್ತಾರೆ ಹೇಳಿ!

ಸುಬಾಬುಲ್ ಕಥೆ ಇನ್ನೂ ಪಾಠದಂಥದ್ದು. ಮೆಕ್ಸಿಕೊ, ಮಧ್ಯ ಅಮೆರಿಕದ ಗಿಡ. 1970-80ರ ಸುಮಾರಿಗೆ ಇದಕ್ಕೆ 'ಪವಾಡದ ಮರ' ಅನ್ನೋ ಬಿರುದು. ಬೇಗ ಬೆಳೆಯುತ್ತದೆ, ಮೇವು, ಸೌದೆ, ಗೊಬ್ಬರ ಎಲ್ಲಾ ಒಂದರಲ್ಲೇ. ಆದರೆ ಎಲೆಯಲ್ಲಿ ಮೈಮೊಸಿನ್ ಅನ್ನೋ ವಿಷವಿದೆ. ಜಾಸ್ತಿ ತಿಂದ ದನಗಳ ಕೂದಲು ಉದುರಿತು, ಗಂಟಲ ಗ್ರಂಥಿ ಊದಿಕೊಂಡಿತು. ಆಸ್ಟ್ರೇಲಿಯಾದ ರೇಮಂಡ್ ಜೋನ್ಸ್ ಅನ್ನುವ ವಿಜ್ಞಾನಿ ಗಮನಿಸಿದರು: ಹವಾಯಿಯ ಆಡುಗಳು ಇದನ್ನೇ ತಿಂದು ಆರಾಮಾಗಿವೆ. ಅವುಗಳ ಹೊಟ್ಟೆಯಲ್ಲಿ ಆ ವಿಷವನ್ನು ಅರಗಿಸುವ ಬ್ಯಾಕ್ಟೀರಿಯಾ ಇತ್ತು. ಅದನ್ನು ತಂದು ಆಸ್ಟ್ರೇಲಿಯಾದ ದನಗಳ ಹೊಟ್ಟೆಗೆ ಸೇರಿಸಿದರು, ತೊಂದರೆ ತಗ್ಗಿತು. ಬ್ಯಾಕ್ಟೀರಿಯಾಕ್ಕೆ ಅವರದೇ ಹೆಸರು, ಸಿನರ್ಜಿಸ್ಟಿಸ್ ಜೋನ್ಸಿಯೈ. ನೋಡಿ, ಮರ ಮೊದಲೇ ಬಂದಿತ್ತು. ಅದನ್ನು ಅರಗಿಸುವವನು ಆಮೇಲೆ ಬಂದ. ಇಷ್ಟರ ಮಧ್ಯೆ ಅಮೆರಿಕ ಖಂಡದ ಒಂದು ಪುಟ್ಟ ಹೇನಿನಂಥ ಕೀಟ 1984ರಲ್ಲಿ ಹವಾಯಿ ತಲುಪಿ, ಕೆಲವೇ ವರ್ಷದಲ್ಲಿ ಏಷ್ಯಾದ ಉದ್ದಕ್ಕೂ ಸುಬಾಬುಲ್ ಚಿಗುರನ್ನು ಹೀರಿಹಾಕಿತು. ಪವಾಡದ ಮಾತು ತಣ್ಣಗಾಯಿತು. ಈಗ ಅದೇ ಮರ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜಾತಿಗಳ ಪಟ್ಟಿಯಲ್ಲಿದೆ.

ಬಳ್ಳಾರಿ ಜಾಲಿಯೂ ಅದೇ ದಾರಿಯದ್ದು. ಅದಕ್ಕೆ ಮೊದಲು ಬೀಜದ ವಿಷಯ ಹೇಳಬೇಕು. ನಾನು ಹಿಂದೊಮ್ಮೆ ಕಕ್ಕೆ ಬೀಜ ಬಿತ್ತಿದ್ದೆ. ಎರಡು ತಿಂಗಳು ನೀರು ಹಾಕಿದೆ, ಏನೂ ಬರಲಿಲ್ಲ. ಕೆದಕಿ ನೋಡಿದರೆ ಬೀಜ ಹಾಕಿದ ದಿನದ ಹಾಗೇ ಇದೆ, ಹೊಳಪೂ ಮಾಸಿಲ್ಲ. ಸಿಪ್ಪೆಯೊಳಗೆ ನೀರೇ ಇಳಿದಿರಲಿಲ್ಲ. ಆಮೇಲೆ ನೇಲ್ ಕಟರ್ ತಗೊಂಡು ಮೊಳಕೆ ಇರುವ ಕಡೆ ಬಿಟ್ಟು ಇನ್ನೊಂದು ತುದಿಯನ್ನು ಚೂರು ಕತ್ತರಿಸಿ ನೆನೆಹಾಕಿದೆ. ಮಾರನೇ ಬೆಳಿಗ್ಗೆ ಬೀಜ ಎರಡರಷ್ಟು ಊದಿತ್ತು.

ನನ್ನ ನೇಲ್ ಕಟರ್ ಮಾಡಿದ ಕೆಲಸವನ್ನು ಕಾಡಲ್ಲಿ ಪ್ರಾಣಿಗಳ ಹೊಟ್ಟೆ ಮಾಡುತ್ತದೆ. ಬಳ್ಳಾರಿ ಜಾಲಿಯ ಕಾಯಿ ಸಿಹಿ. ಆಡು, ದನ ಆಸೆಪಟ್ಟು ತಿನ್ನುತ್ತವೆ. ಬೀಜದ ಸಿಪ್ಪೆ ಹೊಟ್ಟೆಯಲ್ಲಿ ಸವೆದು, ಸಗಣಿ ಹಿಕ್ಕೆಯ ಗೊಬ್ಬರದ ಸಮೇತ ಹೊಸ ಜಾಗದಲ್ಲಿ ಬೀಳುತ್ತದೆ. ಇದಕ್ಕಿಂತ ಒಳ್ಳೆ ಬಿತ್ತನೆ ಉಂಟೇ? 1980ರ ದಶಕದ ಮೊದಲಲ್ಲಿ ಕೆನ್ಯಾದ ಬರಿಂಗೋ ಭಾಗಕ್ಕೆ ಸೌದೆಗೆಂದು ಇದನ್ನು ತಂದು ನೆಟ್ಟರು. ಅದು ಹುಲ್ಲುಗಾವಲನ್ನು ನುಂಗಿತು. ಸಿಹಿ ಕಾಯಿ ತಿಂದು ತಿಂದು ಆಡುಗಳ ಹಲ್ಲು ಹುಳುಕಾಗಿ ಉದುರಿದವು. 2006ರಲ್ಲಿ ಅಲ್ಲಿನ ಜನ ಸರ್ಕಾರದ ಮೇಲೆ ಕೇಸು ಹಾಕಿ, ಹಲ್ಲಿಲ್ಲದ ಒಂದು ಆಡನ್ನು ಸಾಕ್ಷಿಯಾಗಿ ಕೋರ್ಟಿಗೇ ಕರಕೊಂಡು ಹೋದರು. ನಾನು ಓದಿದ ಸಸ್ಯಶಾಸ್ತ್ರದ ಕಥೆಗಳಲ್ಲಿ ಆ ಆಡಿನಷ್ಟು ಗಟ್ಟಿಯಾಗಿ ಮಾತಾಡಿದವರು ಇನ್ನೊಬ್ಬರಿಲ್ಲ.

ಬೇಗ ಬೆಳೆಯೋದು ಸುಳ್ಳಲ್ಲ. ಪನಾಮಾದಲ್ಲಿ ಕಡಿದು ಬಿಟ್ಟ ಜಾಗದಲ್ಲಿ ಮತ್ತೆ ಬೆಳೆದ ಕಾಡನ್ನು ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆ ಕಾಡಲ್ಲಿ ಗಂಟಿರುವ ಮರಗಳು ಅಕ್ಕಪಕ್ಕದ ಬೇರೆ ಮರಗಳಿಗಿಂತ ಒಂಬತ್ತು ಪಟ್ಟಿನವರೆಗೂ ವೇಗವಾಗಿ ಇಂಗಾಲ ಕೂಡಿಹಾಕಿದ್ದವು. ಆ ಗುಣವೇ ಕಳೆಯ ಗುಣವೂ ಹೌದು. ಬಡ ಮಣ್ಣಲ್ಲಿ ಬೇರೆಯವರು ಏಳೋದಕ್ಕೆ ಮುಂಚೆ ಎದ್ದು ನಿಲ್ಲೋದು. ತನ್ನ ಜಾಗದಲ್ಲಿ ಅದನ್ನು ತಿನ್ನುವವರು, ತಡೆಯುವವರು ಇರುತ್ತಾರೆ. ಬೇರೆ ಕಡೆ ಇರೋದಿಲ್ಲ. ಆದ್ದರಿಂದ "ಬೇಗ ಬೆಳೆಯುತ್ತೆ, ಮಣ್ಣಿಗೂ ಒಳ್ಳೇದು" ಅಂತ ಯಾರಾದರೂ ಸಸಿ ಹಿಡಿದು ಬಂದರೆ ನಾನು ಈಗ ಎರಡು ಪ್ರಶ್ನೆ ಕೇಳ್ತೀನಿ. ಬೇರಲ್ಲಿ ಗಂಟಿದೆಯಾ? ಕಾಯಿ ಯಾರು ತಿಂತಾರೆ?

ಹೊಂದಿಕೊಂಡು ಹೋದ ಉದಾಹರಣೆ ಇಲ್ಲವೇ ಅಂದರೆ, ಇದೆ. ಸಹಾರಾದ ದಕ್ಷಿಣಕ್ಕೆ ಹೊಲಗಳ ನಡುವೆ ಫೈಡರ್‌ಬಿಯಾ ಅನ್ನೋ ಮರ ನಿಂತಿರುತ್ತದೆ. ಎಲ್ಲರದೂ ಒಂದು ದಾರಿಯಾದರೆ ಇದರದೇ ಒಂದು. ಮಳೆಗಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ, ಬೇಸಿಗೆಯಲ್ಲಿ ಹಸಿರಾಗುತ್ತದೆ. ಹಾಗಾಗಿ ಕೆಳಗಿನ ಜೋಳ, ಸಜ್ಜೆಗೆ ನೆರಳಿನ ಕಾಟವಿಲ್ಲ. ಉದುರಿದ ಎಲೆ ಗೊಬ್ಬರ, ಒಣಗಾಲದಲ್ಲಿ ದನಕ್ಕೆ ನೆರಳು ಮತ್ತು ಕಾಯಿ. ಹೆಚ್ಚಿನ ಕಡೆ ಇದನ್ನು ಯಾರೂ ಯೋಜನೆ ಹಾಕಿ ತಂದು ನೆಡಲಿಲ್ಲ. ತಾನಾಗೇ ಹುಟ್ಟಿದ್ದನ್ನು ರೈತರು ಕಡಿಯದೆ ಬಿಟ್ಟರು, ಅಷ್ಟೇ.

ಇನ್ನು ಗುಲ್‌ಮೊಹರ್. ಇದನ್ನು ನೆಡಬೇಡಿ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಮಡಗಾಸ್ಕರ್‌ನ ಒಣಕಾಡಿನ ಮರ ಅದು. ಆ ಕಾಡು ಕರಗುತ್ತಾ ಬಂದಿದೆ, ಮರ ಮಾತ್ರ ಜಗತ್ತಿನ ಅರ್ಧ ಬೀದಿಗಳಲ್ಲಿ ಹೂ ಬಿಟ್ಟು ನಿಂತಿದೆ. ಗಂಟಿಲ್ಲದಿದ್ದರೆ ಏನಂತೆ, ಆ ಕೆಂಪು ಸಾಕು. ಗೊಬ್ಬರ ಮಾಡುತ್ತೆ ಅಂತ ಸುಳ್ಳು ಹೇಳಿ ಮಾತ್ರ ನೆಡಬೇಡಿ.

ಕಕ್ಕೆಯನ್ನು ಅವತ್ತೇ ದೊಡ್ಡ ಕುಂಡಕ್ಕೆ ಬದಲಾಯಿಸಿ ಎರಡು ಬೊಗಸೆ ಕೊಳೆತ ಸಗಣಿ ಗೊಬ್ಬರ ಹಾಕಿದೆ. ಹೊಂಗೆ ಕುಂಡದ ಮಣ್ಣನ್ನೂ ಒಂದು ಹಿಡಿ ಹಾಕೋಣ, ಬ್ಯಾಕ್ಟೀರಿಯಾ ಹತ್ತಬಹುದು ಅಂತ ಕೈ ಹೋಯಿತು. ತಕ್ಷಣ ನಗು ಬಂತು. ಬಾಗಿಲೇ ಇಲ್ಲದ ಮನೆಗೆ ನೆಂಟರನ್ನು ಕಳಿಸಿ ಏನು ಮಾಡೋದು? ಈಗ ಮೂರು ವಾರ ಆಗಿದೆ. ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಬಂದಿದೆ. ಹಳದಿಯಾದ ಹಳೆ ಎಲೆಗಳು ಮತ್ತೆ ಹಸಿರಾಗಲಿಲ್ಲ, ನಿನ್ನೆ ಗುಡಿಸುವಾಗ ಎರಡು ಉದುರಿದವು.